ಬೋಂಡದಲ್ಲಿ ತರಕಾರಿಯ ಸತ್ವ ಉಳಿಯುತ್ತದೆಯೇ?

ಪ್ರಶ್ನೆ: ನಮ್ಮದು ಮೂಡಿಗೆರೆ ಸಮೀಪದ ಊರು. ಮಳೆಗಾಲ ಹಿಡಿದರೆ ವಾರದಲ್ಲಿ ಮೂರ್ನಾಲ್ಕು ಸಂಜೆ ಮನೆಯಲ್ಲಿ ಆಲೂಗಡ್ಡೆ, ಬಾಳೆಕಾಯಿ, ಬದನೆಕಾಯಿ ಅಥವಾ ದೊಡ್ಡಪತ್ರೆ ಸೊಪ್ಪಿನ ಬೋಂಡ ಇದ್ದೇ ಇರುತ್ತದೆ. ತರಕಾರಿಯೂ ಕಡಲೆಹಿಟ್ಟೂ ಇರುವುದರಿಂದ ಅದು ಒಳ್ಳೆಯ ಆಹಾರವೇ ಎನ್ನುತ್ತಾರೆ ನಮ್ಮ ಅತ್ತೆಯವರು. ಕರಿದರೆ ತರಕಾರಿಯ ಸತ್ವವೆಲ್ಲ ಸುಟ್ಟುಹೋಗುತ್ತದೆ ಎನ್ನುತ್ತಾಳೆ ಕಾಲೇಜಿಗೆ ಹೋಗುವ ಮಗಳು. ಮಾವನವರಿಗೆ ಸಕ್ಕರೆ ಕಾಯಿಲೆ ಇದೆ, ಆದರೂ ಬೋಂಡ ಬಿಡುವವರಲ್ಲ. ಕರಿದು ಉಳಿದ ಎಣ್ಣೆಯನ್ನು ಮತ್ತೆ ಬಳಸಬಹುದೇ ಎಂಬ ಸಂಶಯವೂ ನನಗಿದೆ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಮನೆಯ ಚರ್ಚೆಯಲ್ಲಿ ಅತ್ತೆಯವರ ಮಾತಿನಲ್ಲೂ ನಿಜಾಂಶವಿದೆ, ಮಗಳ ಆತಂಕಕ್ಕೂ ಕಾರಣವಿದೆ. ಆದರೆ ಇಬ್ಬರೂ ತರಕಾರಿಯಿಂದ ಏನು ಹೋಯಿತು, ಏನು ಉಳಿಯಿತು ಎಂಬುದನ್ನೇ ನೋಡುತ್ತಿದ್ದಾರೆ. ಬೋಂಡದ ವಿಷಯದಲ್ಲಿ ನೋಡಬೇಕಾದದ್ದು ಒಳಗೆ ಏನು ಸೇರಿತು ಎಂಬುದನ್ನು. ಸೇರುವುದು ಎಣ್ಣೆ. ಅದು ಎಷ್ಟು ಸೇರುತ್ತದೆ, ಎಂಥ ಸ್ಥಿತಿಯ ಎಣ್ಣೆ ಸೇರುತ್ತದೆ ಎಂಬುದು ಬಹುಮಟ್ಟಿಗೆ ಒಲೆಯ ಮುಂದೆ ನಿಂತವರ ಕೈಯಲ್ಲೇ ಇರುವುದರಿಂದ, ಉತ್ತರದ ಹೆಚ್ಚಿನ ಭಾಗವನ್ನು ಅದಕ್ಕೇ ಮೀಸಲಿಡುತ್ತೇನೆ.

ಮೊದಲು ಸತ್ವದ ಮಾತು. ಬಾಣಲೆಯ ಎಣ್ಣೆ 175 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೂ ಹಿಟ್ಟಿನ ಒಳಗಿರುವ ತರಕಾರಿಯ ಹೋಳು ಅಷ್ಟು ಬಿಸಿಯಾಗುವುದಿಲ್ಲ. ಹೋಳಿನಲ್ಲಿ ನೀರಿನಂಶ ಇರುವವರೆಗೂ ಅದರ ಒಳಗಿನ ಬಿಸಿ ಸುಮಾರು 100 ಡಿಗ್ರಿಯಲ್ಲೇ ನಿಲ್ಲುತ್ತದೆ, ಎಂದರೆ ಕುದಿಯುವ ನೀರಿನಲ್ಲಿ ಬೆಂದಾಗ ಇರುವಷ್ಟೇ. ಜೊತೆಗೆ ಬೋಂಡ ಬೇಯುವುದು ಮೂರ್ನಾಲ್ಕು ನಿಮಿಷ ಮಾತ್ರ. ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದಾಗ ಸಿ ಜೀವಸತ್ವ, ಬಿ ಗುಂಪಿನ ಕೆಲವು ಜೀವಸತ್ವಗಳು ಮತ್ತು ಪೊಟ್ಯಾಸಿಯಂ ಆ ನೀರಿನೊಂದಿಗೆ ಹೊರಟುಹೋಗುತ್ತವೆ. ಕರಿಯುವಾಗ ಹೀಗೆ ಬಸಿದುಹೋಗುವ ನೀರು ಇರುವುದಿಲ್ಲ. ಬಿಸಿಯಿಂದ ಸಿ ಜೀವಸತ್ವದ ಒಂದು ಪಾಲು ನಾಶವಾಗುವುದು ನಿಜ, ಆದರೆ ಅದು ಪಲ್ಯ, ಸಾರು, ಹುಳಿ ಎಲ್ಲದರಲ್ಲೂ ಆಗುತ್ತದೆ. ಆದ್ದರಿಂದ ಸತ್ವವೆಲ್ಲ ಸುಟ್ಟುಹೋಗುತ್ತದೆ ಎಂಬ ಮಾತು ಸರಿಯಲ್ಲ. ದೊಡ್ಡಪತ್ರೆಯಂಥ ಹಸಿರು ಎಲೆಗಳಲ್ಲಿರುವ ಕೆರೋಟಿನ್ ಕೊಬ್ಬಿನಲ್ಲಿ ಕರಗುವ ಪದಾರ್ಥವಾದ್ದರಿಂದ ಸ್ವಲ್ಪ ಎಣ್ಣೆಯ ಜೊತೆಗಿದ್ದರೆ ಅದನ್ನು ದೇಹ ಇನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ.

ಅತ್ತೆಯವರು ಹೇಳುವ ಕಡಲೆಹಿಟ್ಟಿನ ಗುಣವೂ ನಿಜವೇ. 100 ಗ್ರಾಂ ಕಡಲೆಹಿಟ್ಟಿನಲ್ಲಿ 20 ಗ್ರಾಂಗಿಂತ ತುಸು ಹೆಚ್ಚೇ ಪ್ರೋಟೀನ್ ಇರುತ್ತದೆ, ನಾರಿನಂಶವೂ ಫೋಲೇಟ್ ಎಂಬ ಜೀವಸತ್ವವೂ ಚೆನ್ನಾಗಿರುತ್ತವೆ. ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳ ಪೈಕಿ ಕಡಲೆಯಲ್ಲಿ ಲೈಸಿನ್ ಧಾರಾಳವಾಗಿದ್ದು ಮೆಥಿಯೊನಿನ್ ಕಡಿಮೆ. ಅಕ್ಕಿಯಲ್ಲಿ ಇದು ತಿರುಗುಮುರುಗು. ಬೋಂಡದ ಹಿಟ್ಟಿಗೆ ಒಂದು ಹಿಡಿ ಅಕ್ಕಿಹಿಟ್ಟು ಬೆರೆಸುವ ನಮ್ಮ ಕಡೆಯ ರೂಢಿ ಗರಿಗರಿಯಾಗಲೆಂದು ಬಂದದ್ದಾದರೂ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತದೆ. ಆದರೆ ಒಂದು ಬೋಂಡಕ್ಕೆ ಹತ್ತುವ ಒಣಹಿಟ್ಟಿನ ಪ್ರಮಾಣ ಬಹಳ ಸಣ್ಣದು. ಪ್ರೋಟೀನಿಗಾಗಿ ಬೋಂಡ ತಿನ್ನುತ್ತೇವೆ ಎಂದು ಯಾರೂ ಸಮಾಧಾನ ಮಾಡಿಕೊಳ್ಳುವಂತಿಲ್ಲ. ಆ ಕೆಲಸವನ್ನು ಕೋಸಂಬರಿಯೋ ಹುರುಳಿಕಾಳಿನ ಸಾರೋ ಎಣ್ಣೆಯ ಹೊರೆಯಿಲ್ಲದೆ ಮಾಡುತ್ತವೆ.

ಈ ತಿಂಡಿಯ ಹಿನ್ನೆಲೆಯ ಬಗ್ಗೆ ನೀವು ಕೇಳದಿದ್ದರೂ ಎರಡು ಮಾತು ಹೇಳಬೇಕೆನಿಸುತ್ತದೆ. ಹಿಟ್ಟನ್ನೂ ಬೇಳೆಯನ್ನೂ ಎಣ್ಣೆಯಲ್ಲಿ ಕರಿಯುವ ಕಲೆ ನಮ್ಮಲ್ಲಿ ಹಳೆಯದು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ದಲ್ಲಿ ಕರಿದ ವಡೆಗಳ ವಿವರ ಬರುತ್ತದೆ. ಕಡಲೆ, ಬದನೆ, ಬಾಳೆ ಮೂರೂ ಆ ಕಾಲಕ್ಕೆ ಪರಿಚಿತವಾಗಿದ್ದವು. ಇಂದು ಬೋಂಡವೆಂದೊಡನೆ ನೆನಪಾಗುವ ಆಲೂಗಡ್ಡೆಯೂ ಹಸಿಮೆಣಸಿನಕಾಯಿಯೂ ಮಾತ್ರ ಅಂದು ಈ ದೇಶದಲ್ಲೇ ಇರಲಿಲ್ಲ. ಎರಡೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಬಂದ ಮೇಲೆ ಸಮುದ್ರದ ಹಾದಿಯಲ್ಲಿ ಇಲ್ಲಿಗೆ ತಲುಪಿದವು. ಹೀಗಾಗಿ ಬಾಳೆಕಾಯಿ, ಬದನೆಕಾಯಿಗಳನ್ನು ಹಳೆಯ ಬೋಂಡಗಳೆಂದೂ ಆಲೂಗಡ್ಡೆಯದನ್ನು ಹೊಸದೆಂದೂ ಎಣಿಸಬಹುದು.

ಇನ್ನು ಎಣ್ಣೆ ಒಳಗೆ ಹೋಗುವ ಬಗೆ. ಹಿಟ್ಟಿನಲ್ಲಿ ಅದ್ದಿದ ಹೋಳು ಕಾದ ಎಣ್ಣೆಗೆ ಬಿದ್ದ ಕ್ಷಣದಿಂದ ಅದರ ನೀರು ಆವಿಯಾಗಿ ಹೊರನುಗ್ಗುತ್ತದೆ. ಬಾಣಲೆಯಲ್ಲಿ ಕಾಣುವ ಗುಳ್ಳೆಗಳು ಆ ಆವಿಯವೇ. ಆವಿ ರಭಸದಿಂದ ಹೊರಬರುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ದಾರಿ ಇರುವುದಿಲ್ಲ. ಗುಳ್ಳೆಗಳು ಕಡಿಮೆಯಾಗಿ, ಬೋಂಡವನ್ನು ಜಾಲರಿ ಸೌಟಿನಲ್ಲಿ ಮೇಲೆತ್ತಿದಾಗ ಹೊರಪದರದ ಸಣ್ಣ ರಂಧ್ರಗಳಲ್ಲಿದ್ದ ಆವಿ ತಣಿದು ಕುಗ್ಗುತ್ತದೆ. ಆಗ ಉಂಟಾಗುವ ಸೆಳೆತಕ್ಕೆ ಮೈಗೆ ಅಂಟಿದ ಎಣ್ಣೆ ಒಳಸೇರುತ್ತದೆ. ಬೋಂಡ ಕುಡಿಯುವ ಎಣ್ಣೆಯಲ್ಲಿ ದೊಡ್ಡ ಪಾಲು ಒಳಗೆ ಹೋಗುವುದು ಹೀಗೆ ಬಾಣಲೆಯಿಂದ ಹೊರಬಂದ ಮೇಲೆಯೇ. ಆದ್ದರಿಂದ ಸೌಟನ್ನು ಬಾಣಲೆಯ ಮೇಲೆಯೇ ಹಿಡಿದು ಒಂದೆರಡು ಸಲ ಕೊಡವಿ, ಎಣ್ಣೆ ತೊಟ್ಟಿಕ್ಕುವುದು ನಿಂತ ಮೇಲೆ ಜಾಲರಿಯ ತಟ್ಟೆಯಲ್ಲಿ ಬೋಂಡಗಳನ್ನು ಒಂದರ ಮೇಲೊಂದು ರಾಶಿ ಹಾಕದೆ ಹರವಬೇಕು. ಬಿಸಿ ಆರಿದ ಮೇಲೆ ಕಾಗದದಿಂದ ಒತ್ತುವುದರಿಂದ ಹೆಚ್ಚು ಲಾಭವಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಎಣ್ಣೆ ಒಳಗಿರುತ್ತದೆ. ಕಾಗದ ಬಳಸುವುದಾದರೂ ಅಚ್ಚಾದ ಪತ್ರಿಕೆಯ ಹಾಳೆ ಖಂಡಿತ ಬೇಡ. ಬಿಸಿ ಎಣ್ಣೆಗೆ ಶಾಯಿಯ ರಾಸಾಯನಿಕಗಳು ಬಿಟ್ಟುಕೊಳ್ಳುತ್ತವೆಂಬ ಕಾರಣಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಇದರ ಬಗ್ಗೆ ಎಚ್ಚರಿಕೆ ನೀಡಿದೆ.

ಎಣ್ಣೆಯ ಕಾವೂ ಅಷ್ಟೇ ಮುಖ್ಯ. ಒಂದು ತೊಟ್ಟು ಹಿಟ್ಟು ಹಾಕಿದರೆ ಅದು ತಳಕ್ಕಿಳಿದು ತಕ್ಷಣ ಗುಳ್ಳೆಯೊಡನೆ ಮೇಲೆ ಬರಬೇಕು. ತಳದಲ್ಲೇ ಉಳಿದರೆ ಎಣ್ಣೆ ಕಾದಿಲ್ಲ, ಬಿದ್ದ ಕೂಡಲೇ ಕಂದಿದರೆ ಮಿತಿಮೀರಿ ಕಾದಿದೆ. ಕಾವು ಸಾಲದಿದ್ದರೆ ಹೊರಪದರ ಬೇಗ ಗಟ್ಟಿಯಾಗದು, ಆವಿಯ ರಭಸವೂ ಇರದು, ಬೋಂಡ ಹೆಚ್ಚು ಹೊತ್ತು ಎಣ್ಣೆಯಲ್ಲೇ ಇದ್ದು ಜಿಡ್ಡುಜಿಡ್ಡಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಈ ತೊಂದರೆ ಸಹಜವಾಗಿಯೇ ಹೆಚ್ಚು. ಅಡುಗೆಮನೆಯೇ ತಣ್ಣಗಿರುತ್ತದೆ, ಕಲಸಿಟ್ಟ ಹಿಟ್ಟೂ ಹೆಚ್ಚಿಟ್ಟ ಹೋಳುಗಳೂ ತಣ್ಣಗಿರುತ್ತವೆ. ಎಂಟು ಹತ್ತು ಹೋಳುಗಳನ್ನು ಒಟ್ಟಿಗೆ ಬಿಟ್ಟರೆ ಎಣ್ಣೆಯ ಕಾವು ಒಮ್ಮೆಲೇ ಇಳಿದುಹೋಗುತ್ತದೆ. ಅಗಲವಾದ ಬಾಣಲೆಗೆ ಹೆಚ್ಚು ಎಣ್ಣೆ ಸುರಿಯುವ ಬದಲು ಚಿಕ್ಕ, ಆಳವಾದ ಬಾಣಲೆಯಲ್ಲಿ ಒಮ್ಮೆಗೆ ನಾಲ್ಕೈದರಂತೆ ಕರಿಯುವುದು ಒಳ್ಳೆಯದು. ಮಾಡಿದ ಮೇಲೆ ಉಳಿಯುವ ಎಣ್ಣೆಯೂ ಆಗ ಕಡಿಮೆ.

ಹಿಟ್ಟಿನ ಹದದ ಬಗ್ಗೆ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಅಡುಗೆ ಸೋಡ ಹಾಕಬೇಡಿ. ಸೋಡದಿಂದ ಹಿಟ್ಟು ಉಬ್ಬಿ ರಂಧ್ರಮಯವಾಗುವುದರಿಂದ ಎಣ್ಣೆ ಹೆಚ್ಚು ಹಿಡಿಯುತ್ತದೆ, ಅದರ ಕ್ಷಾರಗುಣದಿಂದ ಕಡಲೆಹಿಟ್ಟಿನಲ್ಲಿರುವ ಥಯಮಿನ್, ಅಂದರೆ ಬಿ1 ಜೀವಸತ್ವ ನಾಶವಾಗುತ್ತದೆ, ಉಪ್ಪಿನ ಜೊತೆಗೆ ಇನ್ನಷ್ಟು ಸೋಡಿಯಂ ಸೇರುತ್ತದೆ. ಮಗಳು ಹೇಳುವ ಸತ್ವನಾಶ ನಿಜವಾಗಿ ಎಲ್ಲಾದರೂ ಆಗುವುದಿದ್ದರೆ ಈ ಚಿಟಿಕೆ ಸೋಡದಿಂದಲೇ. ಗರಿಗರಿಯಾಗಬೇಕಾದರೆ ನಾಲ್ಕು ಪಾಲು ಕಡಲೆಹಿಟ್ಟಿಗೆ ಒಂದು ಪಾಲು ಅಕ್ಕಿಹಿಟ್ಟು ಬೆರೆಸಿ, ಒಂದು ಚಮಚ ಕಾದ ಎಣ್ಣೆಯನ್ನು ಒಣಹಿಟ್ಟಿಗೇ ಹಾಕಿ ಉಜ್ಜಿ, ಆಮೇಲೆ ನೀರು ಸೇರಿಸಿ ಕಲಸಿದರೆ ಸಾಕು. ಅಕ್ಕಿಹಿಟ್ಟು ಸೇರಿದ ಹೊರಪದರ ಎಣ್ಣೆಯನ್ನೂ ಕಡಿಮೆ ಹೀರುತ್ತದೆ. ಹಿಟ್ಟು ಹೋಳಿನ ಮೈಗೆ ತೆಳ್ಳಗೆ ಹತ್ತುವಷ್ಟು ಮಾತ್ರ ಗಟ್ಟಿಯಿರಲಿ. ಕಡಲೆಯಿಂದ ಹೊಟ್ಟೆ ಉಬ್ಬರಿಸುವವರಿಗೆ ಓಮ, ಇಂಗು ಹಾಕುವ ರೂಢಿಯನ್ನು ಮುಂದುವರಿಸಿ.

ಆಲೂಗಡ್ಡೆಯ ವಿಷಯ ಹಾಸನದಲ್ಲಿ ಕುಳಿತು ಬರೆಯುವವನಿಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾದದ್ದು. ನಮ್ಮ ಜಿಲ್ಲೆಯಲ್ಲಿ ಆಲೂಗಡ್ಡೆ ಮುಂಗಾರಿನ ಮಳೆಯಾಶ್ರಿತ ಬೆಳೆ. ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗಡ್ಡೆಯನ್ನು ಮೇ, ಜೂನ್ ತಿಂಗಳುಗಳಲ್ಲಿ ನೆಡುತ್ತಾರೆ, ಅಂಗಮಾರಿ ರೋಗಕ್ಕೆ ಸಿಕ್ಕದೆ ಉಳಿದ ಬೆಳೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಮಾರುಕಟ್ಟೆಗೆ ಬರುತ್ತದೆ. ಎಂದರೆ ಬೋಂಡಕ್ಕೆ ಬೇಡಿಕೆ ಜೋರಾಗಿರುವ ಕಾಲಕ್ಕೇ ಹೊಸ ಗಡ್ಡೆಯೂ ಕೈಗೆ ಸಿಗುತ್ತದೆ. ಉಗುರಿನಿಂದ ಕೆರೆದರೂ ಸಿಪ್ಪೆ ಬಿಡುವ ಈ ಎಳೆಯ ಗಡ್ಡೆಯಲ್ಲಿ ನೀರಿನಂಶ ಹೆಚ್ಚು, ಪಿಷ್ಟದ ಅಂಶ ಕಡಿಮೆ. ಒಣ ಅಂಶ ಕಡಿಮೆಯಿರುವ ಆಲೂಗಡ್ಡೆ ಕರಿಯುವಾಗ ಎಣ್ಣೆಯನ್ನು ಹೆಚ್ಚು ಹಿಡಿಯುತ್ತದೆ, ಮೆತ್ತಗೂ ಆಗುತ್ತದೆ. ಹುಳಿಗೂ ಪಲ್ಯಕ್ಕೂ ಹೊಸ ಗಡ್ಡೆ ಬಹಳ ರುಚಿ. ಬೋಂಡಕ್ಕೆ ಸಿಪ್ಪೆ ಗಟ್ಟಿಯಾಗಿ ಬಲಿತ ಗಡ್ಡೆಯನ್ನೇ ಆರಿಸಿಕೊಳ್ಳಿ. ಹೊಸದೇ ಸಿಕ್ಕಿದರೆ ಬಿಲ್ಲೆಗಳನ್ನು ಶುಭ್ರವಾದ ಬಟ್ಟೆಯ ಮೇಲೆ ಹರವಿ, ಮೇಲಿನ ಪಸೆ ಪೂರ್ತಿ ಆರಿದ ಮೇಲೆ ಹಿಟ್ಟಿನಲ್ಲಿ ಅದ್ದಿ.

ಮುಂಗಾರಿನ ಗಡ್ಡೆಯಲ್ಲಿ ನೋಡಿಕೊಳ್ಳಬೇಕಾದ ಇನ್ನೊಂದು ಅಂಶ ಹಸಿರು ಬಣ್ಣ. ಜೋರು ಮಳೆಗೆ ಸಾಲಿನ ಮಣ್ಣು ಕೊಚ್ಚಿಹೋಗಿ ಗಡ್ಡೆ ಬಿಸಿಲಿಗೆ ತೆರೆದುಕೊಂಡರೆ ಆ ಭಾಗ ಹಸಿರಾಗುತ್ತದೆ. ಹಸಿರಾದ ಕಡೆಯಲ್ಲೂ ಮೊಳಕೆಯ ಕಣ್ಣುಗಳಲ್ಲೂ ಸೊಲನಿನ್ ಎಂಬ ವಿಷಾಂಶ ಹೆಚ್ಚಿರುತ್ತದೆ, ಕರಿದರೂ ಅದು ಹೋಗುವುದಿಲ್ಲ. ಸ್ವಲ್ಪವೇ ಹಸಿರಿದ್ದರೆ ಆ ಭಾಗವನ್ನು ದಪ್ಪನಾಗಿ ಕೆತ್ತಿ ತೆಗೆಯಿರಿ, ಹೆಚ್ಚಿದ್ದರೆ ಇಡೀ ಗಡ್ಡೆಯನ್ನೇ ಬಿಸಾಡಿ.

ಅತಿಯಾಗಿ ಕೆಂಪಗೆ ಕರಿಯುವುದರ ಬಗ್ಗೆಯೂ ಹೇಳಬೇಕು. ಪಿಷ್ಟವಿರುವ ಆಹಾರವನ್ನು 120 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಬೇಯಿಸಿದಾಗ ಅದರಲ್ಲಿರುವ ಸಕ್ಕರೆಯೂ ಆಸ್ಪರಜಿನ್ ಎಂಬ ಅಮೈನೋ ಆಮ್ಲವೂ ಸೇರಿ ಅಕ್ರಿಲಮೈಡ್ ಎಂಬ ವಸ್ತುವಾಗುತ್ತದೆ. ಆಹಾರದಲ್ಲಿ ಇದು ಇರುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಅದಕ್ಕೂ ಮೊದಲೇ, 1994ರಲ್ಲಿ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿತ್ತು. ಆಹಾರದ ಮೂಲಕ ಸೇರುವ ಪ್ರಮಾಣದಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆಂದು ಖಚಿತವಾಗಿ ಸಾಬೀತಾಗಿಲ್ಲವಾದರೂ ಸುಲಭವಾಗಿ ತಗ್ಗಿಸಬಹುದಾದ ಅಪಾಯವನ್ನು ತಗ್ಗಿಸುವುದೇ ವಿವೇಕ. ಬಿಲ್ಲೆಗಳನ್ನು ಕಾಲು ಗಂಟೆ ನೀರಿನಲ್ಲಿ ನೆನೆಸಿ ಒರೆಸಿಕೊಂಡರೆ ಮೇಲ್ಮೈಯ ಸಕ್ಕರೆ ತೊಳೆದುಹೋಗುತ್ತದೆ. ಹೊಂಬಣ್ಣ ಬಂದ ಕೂಡಲೇ ತೆಗೆಯಬೇಕು, ಕಂದುಬಣ್ಣಕ್ಕೆ ಕಾಯಬಾರದು. ತೀರ ತಣ್ಣನೆಯ ಜಾಗದಲ್ಲಿಟ್ಟ ಆಲೂಗಡ್ಡೆಯ ಪಿಷ್ಟದಲ್ಲಿ ಒಂದಷ್ಟು ಸಕ್ಕರೆಯಾಗಿ ಮಾರ್ಪಟ್ಟು, ಕರಿಯುವಾಗ ಬೇಗ ಕಂದುತ್ತದೆ. ಆದ್ದರಿಂದ ಬೋಂಡಕ್ಕೆಂದು ತಂದ ಗಡ್ಡೆಯನ್ನು ವಾರಗಟ್ಟಲೆ ಫ್ರಿಜ್ಜಿನಲ್ಲಿಡದೆ ಗಾಳಿಯಾಡುವ ಕತ್ತಲೆಯ ಮೂಲೆಯಲ್ಲಿಡಿ.

ಉಳಿದ ತರಕಾರಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬದನೆಕಾಯಿಯ ತಿರುಳು ಸ್ಪಂಜಿನಂತೆ ಗಾಳಿ ತುಂಬಿದ್ದಾದ್ದರಿಂದ ಹಿಟ್ಟಿಲ್ಲದೆ ಕರಿದರೆ ಎಣ್ಣೆಯನ್ನು ವಿಪರೀತ ಕುಡಿಯುತ್ತದೆ. ಹಿಟ್ಟಿನ ಹೊದಿಕೆ ಎಲ್ಲ ಕಡೆ ಸಮನಾಗಿ ಹತ್ತಿದ್ದರೆ ಈ ತೊಂದರೆ ಇರುವುದಿಲ್ಲ. ಬಾಳೆಕಾಯಿಯ ಬಿಲ್ಲೆಗಳನ್ನು ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕುವುದು ಒಳ್ಳೆಯ ಪದ್ಧತಿ. ಬಾಳೆಕಾಯಿಯಲ್ಲೂ ಆಲೂಗಡ್ಡೆಯಂತೆ ಪಿಷ್ಟವೇ ಪ್ರಧಾನ. ಎಣ್ಣೆಯ ದೃಷ್ಟಿಯಿಂದ ನನಗೆ ತುಸು ಅನುಮಾನವಿರುವುದು ದೊಡ್ಡಪತ್ರೆಯ ಮೇಲೆಯೇ. ಎಲೆ ತುಸು ದಪ್ಪವೇ ಆದರೂ ತರಕಾರಿಯ ಹೋಳಿಗೆ ಹೋಲಿಸಿದರೆ ತೆಳ್ಳಗಿದ್ದು ತಿನ್ನುವ ತುತ್ತಿನಲ್ಲಿ ಹಿಟ್ಟು, ಎಣ್ಣೆಗಳ ಪಾಲೇ ಹೆಚ್ಚಾಗಿರುತ್ತದೆ. ಸೊಪ್ಪಿನ ಬೋಂಡ ಎಂಬ ಹೆಸರು ಕೇಳಿ ಹಗುರವೆಂದು ಭಾವಿಸಬಾರದು.

ಎಷ್ಟು ತಿನ್ನಬಹುದು ಎಂಬುದಕ್ಕೆ ಲೆಕ್ಕ ನಿಮ್ಮ ಅಡುಗೆಮನೆಯಲ್ಲೇ ಸಿಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 2000 ಕ್ಯಾಲೊರಿಯ ಆಹಾರದಲ್ಲಿ ಎಣ್ಣೆ, ತುಪ್ಪ ಎಲ್ಲ ಸೇರಿ 27 ಗ್ರಾಂ ಇರಬಹುದು. ಮುಂದಿನ ಸಲ ಬೋಂಡ ಮಾಡುವಾಗ ಬಾಣಲೆಗೆ ಹಾಕುವ ಎಣ್ಣೆಯನ್ನು ಅಳತೆಯ ಲೋಟದಲ್ಲಿ ಅಳೆದು ಹಾಕಿ, ಮುಗಿದ ಮೇಲೆ ತಣಿಸಿ ಸೋಸಿ ಮತ್ತೆ ಅಳೆಯಿರಿ. 300 ಮಿಲಿಲೀಟರ್ ಹಾಕಿದ್ದರಲ್ಲಿ 230 ಉಳಿಯಿತೆಂದುಕೊಳ್ಳಿ. ಖರ್ಚಾದ 70 ಮಿಲಿಲೀಟರ್ ಎಂದರೆ ಸುಮಾರು 64 ಗ್ರಾಂ. ಐದು ಜನ ತಿಂದಿದ್ದರೆ ತಲಾ ಹೆಚ್ಚುಕಡಿಮೆ 13 ಗ್ರಾಂ, ಅಂದರೆ ದಿನದ ಪಾಲಿನ ಅರ್ಧದಷ್ಟು. ಅಂದಿನ ಒಗ್ಗರಣೆ, ದೋಸೆ, ತುಪ್ಪಗಳಿಗೆಲ್ಲ ಉಳಿದದ್ದು ಇನ್ನರ್ಧ. ಈ ಲೆಕ್ಕವನ್ನು ಎರಡು ಮೂರು ಸಲ ಮಾಡಿ ನೋಡಿದರೆ ಕಾವು, ಹದ, ಸೋರಿಸುವ ಕ್ರಮ ಬದಲಾದಂತೆ ಎಣ್ಣೆಯ ಖರ್ಚು ಹೇಗೆ ಏರಿಳಿಯುತ್ತದೆ ಎಂಬುದು ನಿಮಗೇ ತಿಳಿಯುತ್ತದೆ. ವಾರಕ್ಕೆ ಮೂರ್ನಾಲ್ಕು ಸಂಜೆ ಹೆಚ್ಚೇ ಆಯಿತು. ಒಂದು ಸಂಜೆಗೆ ಇಳಿಸಿ, ಉಳಿದ ದಿನಗಳಲ್ಲಿ ಅವೇ ಬಾಳೆಕಾಯಿ, ಬದನೆಕಾಯಿ ಬಿಲ್ಲೆಗಳಿಗೆ ಖಾರದಪುಡಿ, ಅಕ್ಕಿಹಿಟ್ಟು ಸವರಿ ಕಾವಲಿಯ ಮೇಲೆ ಒಂದೆರಡು ಚಮಚ ಎಣ್ಣೆಯಲ್ಲಿ ಬೇಯಿಸಿ ಎಂಬುದು ನನ್ನ ಸಲಹೆ.

ಉಳಿದ ಎಣ್ಣೆಯ ಪ್ರಶ್ನೆಯನ್ನು ನಾನು ಬೋಂಡದ ಪ್ರಶ್ನೆಗಿಂತ ದೊಡ್ಡದೆಂದು ಭಾವಿಸುತ್ತೇನೆ. ಎಣ್ಣೆ ಗಾಳಿ ಮತ್ತು ನೀರಿನಂಶದೊಡನೆ ಮತ್ತೆ ಮತ್ತೆ ಕಾದಾಗ ಒಡೆದು, ಪೋಲಾರ್ ಸಂಯುಕ್ತಗಳೆಂದು ಕರೆಯುವ ಹಾನಿಕರ ವಸ್ತುಗಳು ಹೆಚ್ಚುತ್ತವೆ. ಇವು ಶೇ. 25ನ್ನು ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯಲು ಸಾಧ್ಯವಿಲ್ಲ, ಆದರೆ ಬಣ್ಣ ಕಪ್ಪಾಗುವುದು, ಎಣ್ಣೆ ಮಂದವಾಗುವುದು, ಕಾಯಿಸಿದಾಗ ನೊರೆ ಬರುವುದು, ಬೇಗ ಹೊಗೆಯಾಡುವುದು, ಕಮಟು ವಾಸನೆ ಬರುವುದು ಇವೆಲ್ಲ ಬಿಸಾಡಬೇಕೆಂಬ ಸೂಚನೆಗಳು. ಮನೆಯ ಮಟ್ಟಿಗೆ ನಿಯಮ ಸರಳವಾಗಿರಲಿ: ಒಮ್ಮೆ ಕರಿದ ಎಣ್ಣೆಯಲ್ಲಿ ಮತ್ತೆ ಕರಿಯಬಾರದು. ತಳದಲ್ಲಿ ಉಳಿದ ಹಿಟ್ಟಿನ ಚೂರುಗಳು ಸುಡುತ್ತ ಎಣ್ಣೆಯನ್ನು ಬೇಗ ಕೆಡಿಸುವುದರಿಂದ ತಣಿದ ಕೂಡಲೇ ತೆಳುಬಟ್ಟೆಯಲ್ಲಿ ಸೋಸಿ, ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಟ್ಟು, ಎರಡು ಮೂರು ದಿನಗಳೊಳಗೆ ಒಗ್ಗರಣೆಗೆ ಬಳಸಿ ಮುಗಿಸಿ. ಕಬ್ಬಿಣದ ಬಾಣಲೆಯಲ್ಲೇ ರಾತ್ರಿಯಿಡೀ ಬಿಡಬೇಡಿ, ಕಬ್ಬಿಣದ ಸಂಪರ್ಕದಲ್ಲಿ ಎಣ್ಣೆ ಬೇಗ ಕಮಟಾಗುತ್ತದೆ. ಹಳೆಯ ಎಣ್ಣೆಗೆ ಹೊಸ ಎಣ್ಣೆ ಬೆರೆಸಿದರೆ ಹಳೆಯದು ಸುಧಾರಿಸುವುದಿಲ್ಲ, ಹೊಸದೂ ಬೇಗ ಕೆಡುತ್ತದೆ.

ಕರಿಯಲು ಯಾವ ಎಣ್ಣೆ ಎಂದರೆ ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆಗೆ ನನ್ನ ಮತ. ಸೂರ್ಯಕಾಂತಿ ಎಣ್ಣೆಯಲ್ಲಿ ಬೇಗ ಆಕ್ಸಿಡೀಕರಣವಾಗುವ, ಅಂದರೆ ಗಾಳಿಯೊಡನೆ ಸೇರಿ ಕೆಡುವ, ಲಿನೋಲಿಕ್ ಎಂಬ ಕೊಬ್ಬಿನಾಮ್ಲ ಹೆಚ್ಚು. ಕೊಬ್ಬರಿ ಎಣ್ಣೆ ಕಾವನ್ನು ಚೆನ್ನಾಗಿ ತಾಳುತ್ತದೆ, ಆದರೆ ಅದರ ಶೇ. 90ರಷ್ಟು ಸಂತೃಪ್ತ ಕೊಬ್ಬಾದ್ದರಿಂದ ಹೃದಯದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವ ಮನೆಗೆ ನಿತ್ಯದ ಬಳಕೆಗೆ ಸೂಕ್ತವಲ್ಲ. ಗಾಣದ ಎಣ್ಣೆಯನ್ನು ಒಗ್ಗರಣೆಗೆ ಇಟ್ಟುಕೊಳ್ಳಿ. ಶುದ್ಧೀಕರಿಸದ ಕಡಲೆಕಾಯಿ ಎಣ್ಣೆ 160 ಡಿಗ್ರಿ ಆಸುಪಾಸಿನಲ್ಲೇ ಹೊಗೆಯಾಡತೊಡಗುವುದರಿಂದ ಕರಿಯುವ ಕಾವಿಗೆ ಅದು ಹೊಂದುವುದಿಲ್ಲ.

ಮಾವನವರ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಕಾಣುತ್ತದೆ. ಬೋಂಡ ಸಿಹಿಯಲ್ಲ, ಆದ್ದರಿಂದ ಸಕ್ಕರೆ ಏರುವುದಿಲ್ಲ ಎಂದು ಹಲವರು ನಂಬಿದ್ದಾರೆ. ಕಡಲೆಹಿಟ್ಟು ನಿಧಾನವಾಗಿ ಜೀರ್ಣವಾಗುವುದು ನಿಜ, ಆದರೆ ಆಲೂಗಡ್ಡೆ, ಬಾಳೆಕಾಯಿ, ಅಕ್ಕಿಹಿಟ್ಟು ಮೂರೂ ಪಿಷ್ಟವೇ. ಕೊಬ್ಬು ಸೇರಿದ ಆಹಾರ ಹೊಟ್ಟೆಯಿಂದ ನಿಧಾನವಾಗಿ ಮುಂದೆ ಸಾಗುವುದರಿಂದ ರಕ್ತದ ಸಕ್ಕರೆ ಕೂಡಲೇ ಏರದೆ ತಡವಾಗಿ ಏರಿ ಹೆಚ್ಚು ಹೊತ್ತು ನಿಲ್ಲಬಹುದು. ಎರಡು ಗಂಟೆಯ ನಂತರ ಪರೀಕ್ಷಿಸಿದಾಗ ಸರಿಯಾಗಿಯೇ ಕಂಡದ್ದು ರಾತ್ರಿಯ ಊಟದ ಹೊತ್ತಿಗೆ ಏರಿರುವುದೂ ಉಂಟು. ಅವರಿಗೆ ಪೂರ್ತಿ ನಿಷೇಧ ಹೇರಿದರೆ ಹೊರಗೆ, ಎಷ್ಟು ಸಲ ಕಾದದ್ದೋ ತಿಳಿಯದ ಎಣ್ಣೆಯಲ್ಲಿ ಕರಿದದ್ದನ್ನು ತಿಂದು ಬರುತ್ತಾರೆ. ಅದಕ್ಕಿಂತ ಮನೆಯಲ್ಲೇ ಬದನೆಕಾಯಿ, ಹೀರೇಕಾಯಿ ಅಥವಾ ದಪ್ಪ ಮೆಣಸಿನಕಾಯಿಯ ಎರಡು ಬೋಂಡ ಕೊಟ್ಟು, ಅಂದಿನ ರಾತ್ರಿ ಅನ್ನವನ್ನೋ ಮುದ್ದೆಯನ್ನೋ ಕಡಿಮೆ ಮಾಡಿ ಸೊಪ್ಪಿನ ಪಲ್ಯವನ್ನು ಹೆಚ್ಚಾಗಿ ಬಡಿಸುವುದು ಮೇಲು. ಔಷಧದ ಪ್ರಮಾಣವನ್ನು ಮಾತ್ರ ಇದಕ್ಕಾಗಿ ನೀವಾಗಿ ಬದಲಿಸಬೇಡಿ, ಅವರನ್ನು ನೋಡುವ ವೈದ್ಯರನ್ನು ಕೇಳಿ.

ಕೊನೆಯದಾಗಿ ಮಗಳಿಗೊಂದು ಮಾತು. ಕಾಫಿ ಸೀಮೆಯಲ್ಲಿ ಬೋಂಡದ ಜೊತೆಗೆ ಕಾಫಿ ಇರಲೇಬೇಕು ಎಂಬುದು ನನಗೆ ಗೊತ್ತು. ಆದರೆ ಕಾಫಿಯಲ್ಲೂ ಟೀಯಲ್ಲೂ ಇರುವ ಪಾಲಿಫಿನಾಲ್‌ಗಳು ಕಡಲೆ, ಸೊಪ್ಪುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯವಾಗಿರುವುದರಿಂದ ಅವಳು ಕಾಫಿಯನ್ನು ತಿಂಡಿಯಾದ ಒಂದು ಗಂಟೆಯ ಮೇಲೆ ಕುಡಿಯಲಿ. ಬೋಂಡದ ಪಕ್ಕದಲ್ಲಿ ನಿಂಬೆರಸ ಹಿಂಡಿದ ಈರುಳ್ಳಿ, ಸೌತೆಕಾಯಿ ಅಥವಾ ಹೆಸರುಬೇಳೆ ಕೋಸಂಬರಿ ಇದ್ದರೆ ನಿಂಬೆಯ ಸಿ ಜೀವಸತ್ವದಿಂದ ಕಬ್ಬಿಣಾಂಶದ ಹೀರಿಕೆ ಹೆಚ್ಚುತ್ತದೆ, ಬೋಂಡ ತಿನ್ನುವ ಸಂಖ್ಯೆಯೂ ತಾನಾಗಿ ಇಳಿಯುತ್ತದೆ.